ನಿಮಗಿದು ಗೊತ್ತೇ? ಟೆಸ್ಟೋಸ್ಟೆರಾನ್ ಹೆಣ್ಣಿನದೂ ಹೌದು

ಟೆಸ್ಟೋಸ್ಟೆರಾನ್ ಅಂದಕೂಡಲೇ ಮೀಸೆ, ಜಿಮ್ಮು, ಗಡಸು ದನಿ ಕಣ್ಮುಂದೆ ಬರುತ್ತವೆ. ಅದೇ ಹಾರ್ಮೋನು ಅಜ್ಜಿಯ ಮೈಯಲ್ಲೂ ಇದೆ, ಮೊಮ್ಮಗಳ ಮೈಯಲ್ಲೂ ಇದೆ. ಇರಲೇಬೇಕು ಕೂಡ. ಮಿತಿ ಮೀರಿದರೆ ಒಂದು ಪಾಡು, ತೀರಾ ಇಳಿದರೆ ಇನ್ನೊಂದು. ಒಂದರ ಹಿಂದೊಂದು ಓದಿಕೊಂಡು ಹೋಗಿ.

ಲೆಕ್ಕ ಹೀಗಿದೆ

● ಹರೆಯದ, ಆರೋಗ್ಯವಂತ ಹೆಣ್ಣಿನ ರಕ್ತದಲ್ಲಿ ತಿಂಗಳ ಹೆಚ್ಚಿನ ದಿನಗಳಲ್ಲಿ ಮುಖ್ಯ ಈಸ್ಟ್ರೊಜೆನ್ ಆದ ಈಸ್ಟ್ರಡಯಾಲ್‌ಗಿಂತ ಟೆಸ್ಟೋಸ್ಟೆರಾನೇ ಜಾಸ್ತಿ. ಲ್ಯಾಬ್ ರಿಪೋರ್ಟಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಎರಡರ ಅಳತೆ ಬೇರೆ. ಈಸ್ಟ್ರಡಯಾಲ್ ಎದುರು 60 ಎಂದಿದ್ದರೆ ಅದು ಮಿಲಿಲೀಟರಿಗೆ 60 ಪಿಕೋಗ್ರಾಂ. ಟೆಸ್ಟೋಸ್ಟೆರಾನ್ ಎದುರು 40 ಎಂದಿದ್ದರೆ ಅದು ಡೆಸಿಲೀಟರಿಗೆ 40 ನ್ಯಾನೋಗ್ರಾಂ. ಎರಡನ್ನೂ ಒಂದೇ ಅಳತೆಗೆ ತಂದು ನೋಡಿ: ಅಲ್ಲಿ 60, ಇಲ್ಲಿ 400.

● ಗಂಡಸಿನ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ ಟೆಸ್ಟೋಸ್ಟೆರಾನ್ ಇದ್ದರೆ, ಹೆಂಗಸಿನಲ್ಲಿ ಸುಮಾರು 15ರಿಂದ 70. ನಡುವೆ ದೊಡ್ಡ ಕಂದಕವೇ ಇದೆ. ಕ್ರೀಡಾಲೋಕದ ಎಷ್ಟೋ ಜಗಳಗಳು ಹುಟ್ಟಿದ್ದು ಈ ಕಂದಕದಲ್ಲೇ. ಅದು ಮುಂದೆ ಬರುತ್ತದೆ.

● ಹೆಣ್ಣಿನ ದೇಹ ದಿನಕ್ಕೆ ತಯಾರಿಸುವುದು ಹೆಚ್ಚುಕಡಿಮೆ ಕಾಲು ಮಿಲಿಗ್ರಾಂ. ಪುಡಿ ಉಪ್ಪಿನ ನಾಲ್ಕೈದು ಹರಳಿನಷ್ಟು ತೂಕ. ಐವತ್ತು ವರ್ಷದ್ದನ್ನೆಲ್ಲ ಕೂಡಿಟ್ಟರೂ ಒಂದು ಟೀ ಚಮಚ ತುಂಬುವುದು ಕಷ್ಟ.

● ಇದರಲ್ಲಿ ಕಾಲು ಪಾಲು ಅಂಡಾಶಯದ್ದು, ಇನ್ನೊಂದು ಕಾಲು ಪಾಲು ಮೂತ್ರಪಿಂಡದ ನೆತ್ತಿಯಲ್ಲಿ ಕೂತ ಅಡ್ರಿನಲ್ ಗ್ರಂಥಿಯದ್ದು. ಉಳಿದ ಅರ್ಧ ಯಾವ ಗ್ರಂಥಿಯಲ್ಲೂ ನೇರವಾಗಿ ಹುಟ್ಟುವುದಿಲ್ಲ. ಆ ಎರಡು ಗ್ರಂಥಿಗಳು ಬಿಡುವ ಕಚ್ಚಾ ಸಾಮಗ್ರಿಯನ್ನು ಕೊಬ್ಬು, ಚರ್ಮ, ಯಕೃತ್ತುಗಳು ತಮ್ಮಲ್ಲೇ ಟೆಸ್ಟೋಸ್ಟೆರಾನ್ ಮಾಡಿಕೊಳ್ಳುತ್ತವೆ.

● ಈಸ್ಟ್ರೊಜೆನ್ ಬೇಕೆಂದರೆ ದೇಹಕ್ಕೆ ಮೊದಲು ಟೆಸ್ಟೋಸ್ಟೆರಾನ್ ಅಥವಾ ಅದರ ಒಡಹುಟ್ಟು ಬೇಕು. ಅಂಡವನ್ನು ಹೊತ್ತ ಫಾಲಿಕಲ್ ಎಂಬ ಪುಟ್ಟ ಗುಳ್ಳೆಯಲ್ಲಿ ಎರಡು ಪದರ. ಹೊರಪದರದ ಥೀಕಾ ಕೋಶಗಳು ಆಂಡ್ರೊಜೆನ್ (ಟೆಸ್ಟೋಸ್ಟೆರಾನ್ ಬಳಗದ ಹಾರ್ಮೋನು) ತಯಾರಿಸಿ ಒಳಕ್ಕೆ ದಾಟಿಸುತ್ತವೆ. ಒಳಪದರದ ಗ್ರ್ಯಾನುಲೋಸಾ ಕೋಶಗಳು ಅರೊಮಾಟೇಸ್ ಎಂಬ ಕಿಣ್ವದಿಂದ ಅದನ್ನು ಈಸ್ಟ್ರೊಜೆನ್ ಮಾಡುತ್ತವೆ. ಟೆಸ್ಟೋಸ್ಟೆರಾನ್ ಅಣುವಿನಲ್ಲಿ 19 ಇಂಗಾಲ, ಈಸ್ಟ್ರಡಯಾಲ್‌ನಲ್ಲಿ 18. ಒಂದು ಇಂಗಾಲ ಉದುರಿದರೆ ಹಾರ್ಮೋನು ಬದಲು.

● ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟೆರಾನ್‌ನಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದಕ್ಕೆ ಪ್ರೋಟೀನುಗಳ ಕಾವಲು. ಅದರಲ್ಲೂ ಯಕೃತ್ತು ತಯಾರಿಸುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿನ ಹಿಡಿತ ಬಿಗಿ. ಆ ಪ್ರೋಟೀನು ಇಳಿದರೆ, ಒಟ್ಟು ಟೆಸ್ಟೋಸ್ಟೆರಾನ್ ನಾರ್ಮಲ್ ಇದ್ದರೂ ಬಿಡಿ ಪಾಲು ಏರಿ ಮೊಡವೆ, ಗಲ್ಲದ ಕೂದಲು ಶುರುವಾಗಬಹುದು.

● ಹೆಣ್ಣುಮಕ್ಕಳಿಗೆ ಹರೆಯದಲ್ಲಿ ಕಂಕುಳಲ್ಲಿ ಕೂದಲು ಮೂಡುವುದು ಆಂಡ್ರೊಜೆನ್‌ಗಳಿಂದಲೇ. ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸುವ ಆಡಿಸನ್ಸ್ ಕಾಯಿಲೆಯಲ್ಲಿ ಹೆಂಗಸರ ಕಂಕುಳ ಕೂದಲು ಉದುರುವುದುಂಟು. ಗಂಡಸರಿಗೆ ಹೀಗಾಗುವುದು ಕಡಿಮೆ, ಅವರಿಗೆ ವೃಷಣದ ಪೂರೈಕೆ ಇದ್ದೇ ಇದೆ.

● ಚರ್ಮಕ್ಕೆ ಬಂದ ಟೆಸ್ಟೋಸ್ಟೆರಾನ್ ಅಲ್ಲಿ ಡಿಎಚ್‌ಟಿ ಎಂಬ ಇನ್ನೂ ಖಾರವಾದ ರೂಪ ತಾಳುತ್ತದೆ. ವಿಚಿತ್ರವೆಂದರೆ ಈ ಡಿಎಚ್‌ಟಿ ಗಲ್ಲದಲ್ಲಿ ಕೂದಲು ಬೆಳೆಸುತ್ತದೆ, ನೆತ್ತಿಯಲ್ಲಿ ಕೂದಲು ತೆಳುವಾಗಿಸುತ್ತದೆ. ಒಂದೇ ಹಾರ್ಮೋನು, ಜಾಗ ನೋಡಿ ವರಸೆ.

● ನಲವತ್ತು ದಾಟಿದ ಹೆಣ್ಣಿನಲ್ಲಿ ಇರುವ ಟೆಸ್ಟೋಸ್ಟೆರಾನ್, ಇಪ್ಪತ್ತರ ಹರೆಯದಲ್ಲಿ ಇದ್ದದ್ದರ ಸುಮಾರು ಅರ್ಧ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೊಜೆನ್ ಧಡಕ್ಕನೆ ಬಿದ್ದಂತೆ ಇದು ಬೀಳುವುದಿಲ್ಲ. ಅದಕ್ಕೆ ಎಷ್ಟೋ ಮೊದಲೇ ಸದ್ದಿಲ್ಲದೆ ಇಳಿಯುತ್ತಾ ಬಂದಿರುತ್ತದೆ.

ಹೋರಿ, ಹುಂಜ, ಪೊಲೀಸ್

● 1849ರಲ್ಲಿ ಜರ್ಮನಿಯ ಗಟ್ಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆ ಹುಂಜಗಳ ವೃಷಣ ತೆಗೆದ. ಎರಡನ್ನು ಹಾಗೇ ಬಿಟ್ಟ. ಅವು ಕೂಗಲಿಲ್ಲ, ಕಾದಾಡಲಿಲ್ಲ, ಜುಟ್ಟು ಬೆಳೆಯಲಿಲ್ಲ. ಉಳಿದ ನಾಲ್ಕಕ್ಕೆ ವೃಷಣವನ್ನು ಹೊಟ್ಟೆಯೊಳಗೆ ಕಸಿ ಮಾಡಿದ. ಅವು ಎಂದಿನಂತೆ ಕೂಗಿ, ಜಗಳವಾಡಿ, ಕೋಳಿಗಳ ಹಿಂದೆ ಬಿದ್ದವು. ನರದ ನಂಟು ಕಡಿದಿದ್ದರೂ ಕೆಲಸ ನಡೆದಿದೆ ಎಂದಮೇಲೆ ರಕ್ತದ ಮೂಲಕ ಏನೋ ಸಾಗುತ್ತಿದೆ ಎಂದು ಬರ್ಟೋಲ್ಡ್ ತೀರ್ಮಾನಿಸಿದ.

● ಆ 'ಏನೋ' ಕೈಗೆ ಸಿಗಲು ಎಂಬತ್ತು ವರ್ಷ ಹಿಡಿಯಿತು. 1920ರ ದಶಕದ ಕೊನೆಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಫ್ರೆಡ್ ಕೋಕ್ ಮತ್ತು ಅವರ ವಿದ್ಯಾರ್ಥಿ ಲೆಮ್ಯುಯೆಲ್ ಮೆಗೀ ಊರಿನ ಕಸಾಯಿಖಾನೆಗಳಿಂದ ಹೋರಿಯ ವೃಷಣ ತರಿಸಿಕೊಂಡರು. ಸುಮಾರು 18 ಕಿಲೋದಿಂದ ದಕ್ಕಿದ್ದು 20 ಮಿಲಿಗ್ರಾಂ ಸಾರ.

● ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಇನ್ನೊಂದು ದಾರಿ ಹಿಡಿದರು. 1931ರಲ್ಲಿ ಅವರು ಆಂಡ್ರೊಸ್ಟೆರಾನ್ ಎಂಬ ಆಂಡ್ರೊಜೆನ್ ಬೇರ್ಪಡಿಸಿದ್ದು ಪೊಲೀಸರಿಂದ ಸಂಗ್ರಹಿಸಿದ ಸಾವಿರಾರು ಲೀಟರ್ ಮೂತ್ರದಿಂದ.

● ಅಪ್ಪಟ ಟೆಸ್ಟೋಸ್ಟೆರಾನ್ ಸಿಕ್ಕಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕೂರ್ ತಂಡಕ್ಕೆ. ಅದೇ ವರ್ಷ ಬುಟೆನಾಂಟ್ ಮತ್ತು ಲಿಯೊಪೋಲ್ಡ್ ರುಜಿಕಾ ಬೇರೆ ಬೇರೆಯಾಗಿ ಕೊಲೆಸ್ಟೆರಾಲ್‌ನಿಂದ ಅದನ್ನು ತಯಾರಿಸಿ ತೋರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಬಂತು. ನಾಜಿ ಸರ್ಕಾರದ ಒತ್ತಡಕ್ಕೆ ಬುಟೆನಾಂಟ್ ಆಗ ಅದನ್ನು ನಿರಾಕರಿಸಬೇಕಾಯಿತು. ಪದಕ ಕೈಸೇರಿದ್ದು 1949ರಲ್ಲಿ.

● 'ಗಂಡಿನ ಹಾರ್ಮೋನು, ಹೆಣ್ಣಿನ ಹಾರ್ಮೋನು' ಎಂಬ ಬೇಲಿ ಆಗಲೇ ಅಲುಗಾಡಿತ್ತು. 1934ರಲ್ಲಿ ಬರ್ನ್‌ಹಾರ್ಡ್ ಜೋಂಡೆಕ್ ಗಂಡು ಕುದುರೆಯ ಮೂತ್ರದಲ್ಲಿ ಅಪಾರ ಪ್ರಮಾಣದ ಈಸ್ಟ್ರೊಜೆನ್ ಕಂಡು ಬೆರಗಾಗಿದ್ದರು.

● ಹೆಂಗಸರ ಮೇಲೆ ಈ ಹಾರ್ಮೋನಿನ ಪ್ರಯೋಗ ಇತ್ತೀಚಿನ ಫ್ಯಾಷನ್ ಅಲ್ಲ. ಆಂಡ್ರೊಜೆನ್ ಕೊಟ್ಟಾಗ ಹೆಂಗಸರ ಲೈಂಗಿಕ ಆಸಕ್ತಿಯಲ್ಲಿ ಆದ ಬದಲಾವಣೆಯ ಬಗ್ಗೆ ಅಮೆರಿಕದ ವೈದ್ಯರಾದ ಸಾಲ್ಮನ್ ಮತ್ತು ಗೈಸ್ಟ್ 1943ರಲ್ಲೇ ಬರೆದಿದ್ದರು.

ಹೆಚ್ಚಾದರೆ

● ಟೆಸ್ಟೋಸ್ಟೆರಾನ್ ಸಿಕ್ಕ 1935ರಲ್ಲೇ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಹೆಂಗಸರ ಕೇಸುಗಳನ್ನು ಪ್ರಕಟಿಸಿದರು: ಮುಟ್ಟು ಏರುಪೇರು, ಮೈಮೇಲೆ ಕೂದಲು, ದಪ್ಪಗಾದ ಅಂಡಾಶಯ. ಇಂದು ಮನೆಮನೆಯಲ್ಲಿ ಪಿಸಿಓಡಿ, ಪಿಸಿಓಎಸ್ ಎನ್ನುವುದು ಅದನ್ನೇ.

● ಮಗು ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಪಿಸಿಓಎಸ್ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಶೇ 70ರವರೆಗೂ ತಮಗೆ ಹೀಗಿದೆಯೆಂದೇ ತಿಳಿದಿಲ್ಲ.

● ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಸಿಸ್ಟ್' ಎಂದು ಓದಿ ಗೆಡ್ಡೆಯೇನೋ ಎಂದು ಹೆದರಬೇಡಿ. ಅವು ಪೂರ್ತಿ ಬಲಿಯದೆ ಅರ್ಧಕ್ಕೇ ನಿಂತ ಫಾಲಿಕಲ್‌ಗಳು. 2003ರಲ್ಲಿ ಒಂದು ಅಂಡಾಶಯದಲ್ಲಿ 12 ಇದ್ದರೆ 'ಪಾಲಿಸಿಸ್ಟಿಕ್' ಎನ್ನುತ್ತಿದ್ದರು. ಯಂತ್ರಗಳು ಸೂಕ್ಷ್ಮವಾಗಿ ಸಣ್ಣವೂ ಕಾಣತೊಡಗಿದ ಮೇಲೆ ಗಡಿಯನ್ನು 20ಕ್ಕೆ ಏರಿಸಿದರು. ಗುಳ್ಳೆ ಅಷ್ಟೇ ಇದ್ದು ಹಳೆಯ ಲೆಕ್ಕದಲ್ಲಿ ರೋಗಿ, ಹೊಸ ಲೆಕ್ಕದಲ್ಲಿ ಅಲ್ಲ!

● ಮೈನೆರೆದು ಎಂಟು ವರ್ಷ ಆಗುವ ತನಕ ಪಿಸಿಓಎಸ್ ಇದೆಯೋ ಇಲ್ಲವೋ ಎಂದು ಸ್ಕ್ಯಾನ್ ನೋಡಿ ಹೇಳಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ. ಆ ವಯಸ್ಸಿನ ಅಂಡಾಶಯದಲ್ಲಿ ಗುಳ್ಳೆಗಳು ತುಂಬಿರುವುದು ಸಹಜ. ಪಿಯುಸಿ ಹುಡುಗಿಯ ಸ್ಕ್ಯಾನ್ ಹಿಡಿದು ಮನೆಯವರೆಲ್ಲ ತಲೆಮೇಲೆ ಕೈಹೊತ್ತು ಕೂರುವ ಮೊದಲು ಇದು ನೆನಪಿರಲಿ.

● ಕತ್ತಿನ ಹಿಂಭಾಗ, ಕಂಕುಳಲ್ಲಿ ಕಪ್ಪಗೆ, ಮಖಮಲ್ಲಿನಂತೆ ದಪ್ಪಗಾದ ಚರ್ಮ. ಸರ ಉಜ್ಜಿದ್ದು, ಕೊಳೆ ಕೂತದ್ದು ಎಂದು ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಯಾಕೆಂದರೆ ಅದು ಕೊಳೆಯಲ್ಲ; ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿದೆ ಎಂದು ಚರ್ಮ ಹೇಳುತ್ತಿರುವ ಮಾತು. ಆ ಇನ್ಸುಲಿನ್ ಎರಡು ಕಡೆ ಕೈಯಾಡಿಸುತ್ತದೆ: ಅಂಡಾಶಯದ ಥೀಕಾ ಕೋಶಗಳಿಗೆ ಆಂಡ್ರೊಜೆನ್ ಹೆಚ್ಚು ತಯಾರಿಸಲು ಕುಮ್ಮಕ್ಕು ಕೊಡುತ್ತದೆ, ಯಕೃತ್ತು ತಯಾರಿಸುವ ಕಾವಲು ಪ್ರೋಟೀನನ್ನು ಕುಗ್ಗಿಸುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಪಿಸಿಓಎಸ್‌ಗೂ ಬರೆದುಕೊಡುವುದು ಇದಕ್ಕೇ.

● 'ಮದುವೆ ಆದರೆ ಎಲ್ಲ ಸರಿಹೋಗುತ್ತೆ ಬಿಡಿ' ಎಂಬ ಸಮಾಧಾನ ಇನ್ಸುಲಿನ್‌ಗೆ ಕೇಳಿಸುವುದಿಲ್ಲ. ಪಿಸಿಓಎಸ್ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ವರ್ಷಗಟ್ಟಲೆ ಮುಟ್ಟು ತಪ್ಪುತ್ತಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯವೂ ಹೆಚ್ಚು. ತಾಳಿ ಕಟ್ಟಿಸಿಕೊಳ್ಳುವ ಮುಂಚೆ, ಆಮೇಲೆ ಎರಡೂ ಕಾಲದಲ್ಲಿ ಶುಗರ್ ಟೆಸ್ಟ್ ಮಾಡಿಸುತ್ತಿರಬೇಕು.

● ಹೆಂಗಸರ ಮೈಮೇಲಿನ ಕೂದಲಿಗೂ ಮಾರ್ಕ್ಸ್ ಕೊಡುವ ಪದ್ಧತಿ ಇದೆ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ರೂಪಿಸಿದ್ದು. ಈಗ ಬಳಕೆಯಲ್ಲಿರುವ ರೂಪದಲ್ಲಿ ಮೇಲ್ತುಟಿ, ಗಲ್ಲ, ಎದೆ, ಬೆನ್ನು, ಹೊಟ್ಟೆ ಎಂದು ಒಂಬತ್ತು ಜಾಗ, ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 36. ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಪಾರ್ಲರಿಗೆ ಹೋಗಿ ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಮಾಡಿಸಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿಬಿಡಿ.

● ಗಲ್ಲದ ಕೂದಲಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್ ಅಸಲಿಗೆ ಮೂತ್ರ ಹೆಚ್ಚಿಸುವ, ಬಿಪಿ ಇಳಿಸುವ ಮಾತ್ರೆ. ಅದು ಟೆಸ್ಟೋಸ್ಟೆರಾನ್ ಕೂರುವ ಜಾಗದಲ್ಲಿ ತಾನು ಕೂತು ದಾರಿ ಕಟ್ಟುತ್ತದೆ. ಗರ್ಭಿಣಿಯರು ಮಾತ್ರ ತೆಗೆದುಕೊಳ್ಳಬಾರದು; ಹೊಟ್ಟೆಯಲ್ಲಿ ಗಂಡು ಮಗುವಿದ್ದರೆ ಅದಕ್ಕೆ ಬೇಕಾದ ಟೆಸ್ಟೋಸ್ಟೆರಾನ್ ಕೆಲಸವೂ ಕೆಡಬಹುದು.

● ಎಫ್ಲಾರ್ನಿಥಿನ್ ಎಂಬ ಔಷಧ ಆಫ್ರಿಕದ ನಿದ್ರಾರೋಗಕ್ಕೆ ರಾಮಬಾಣವಾಗಿತ್ತು. ಆ ರೋಗಿಗಳು ಬಡವರು, ಲಾಭವಿಲ್ಲವೆಂದು 1990ರ ದಶಕದಲ್ಲಿ ತಯಾರಿಕೆಯೇ ನಿಂತಿತು. 2000ದಲ್ಲಿ ಅದೇ ಔಷಧ ಹೆಂಗಸರ ಮುಖದ ಕೂದಲು ನಿಧಾನಿಸುವ ಕ್ರೀಮಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆಗೆದ್ದ ಗದ್ದಲದ ನಡುವೆ 2001ರಲ್ಲಿ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ನಿದ್ರಾರೋಗಿಗಳಿಗೂ ಔಷಧ ಮತ್ತೆ ಸಿಗತೊಡಗಿತು.

● ಲೆಟ್ರೋಜೋಲ್ ಸ್ತನ ಕ್ಯಾನ್ಸರಿನ ಮಾತ್ರೆ. ಟೆಸ್ಟೋಸ್ಟೆರಾನ್ ಈಸ್ಟ್ರೊಜೆನ್ ಆಗುವುದನ್ನು ತಡೆಯುವುದು ಅದರ ಕೆಲಸ. ಈಸ್ಟ್ರೊಜೆನ್ ತಾತ್ಕಾಲಿಕವಾಗಿ ಇಳಿದರೆ ಮೆದುಳು ಗಾಬರಿಯಾಗಿ ಅಂಡಾಶಯಕ್ಕೆ ಜೋರು ಆಜ್ಞೆ ಕಳಿಸುತ್ತದೆ, ಅಂಡ ಬಿಡುಗಡೆಯಾಗುತ್ತದೆ. ಮಕ್ಕಳಾಗದವರಿಗೆ ಇದನ್ನು ಕೊಡುವುದನ್ನು ಭಾರತ 2011ರಲ್ಲಿ ನಿಷೇಧಿಸಿತು. 2014ರಲ್ಲಿ ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇ 27.5 ಮಂದಿಗೆ ಮಗುವಾಯಿತು, ಹಳೆಯ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಶೇ 19.1. ನಮ್ಮ ನಿಷೇಧ 2017ರಲ್ಲಿ ತೆರವಾಯಿತು.

● ಪುದೀನಾ ಟೀ ಕುಡಿದರೆ ಕೂದಲು ಉದುರುತ್ತದೆ ಎಂಬ ವಾಟ್ಸಾಪ್ ಸಲಹೆಗೆ ಟರ್ಕಿಯ ಇಸ್ಪಾರ್ತಾ ಊರಿನ ಒಂದು ಅಧ್ಯಯನ ಮೂಲ. 2007ರಲ್ಲಿ 21 ಹೆಂಗಸರಿಗೆ ಐದು ದಿನ, ದಿನಕ್ಕೆರಡು ಲೋಟ ಕೊಟ್ಟಾಗ ಬಿಡಿ ಟೆಸ್ಟೋಸ್ಟೆರಾನ್ ಇಳಿದದ್ದು ನಿಜ. ಮುಂದೆ ಒಂದು ತಿಂಗಳು ಕುಡಿಸಿ ನೋಡಿದ ಅಧ್ಯಯನದಲ್ಲಿ ವೈದ್ಯರು ಅಳೆದ ಕೂದಲಿನ ಮಾರ್ಕ್ಸ್ ಇಳಿಯಲಿಲ್ಲ. ರುಚಿಗೆ ಕುಡಿಯಿರಿ, ಥ್ರೆಡಿಂಗ್ ನಿಲ್ಲಿಸಬಹುದೆಂದು ಬೇಡ.

● ಕೆಲವು ಹೆಣ್ಣುಶಿಶುಗಳ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ. ಕಾರ್ಟಿಸಾಲ್ ಆಗಬೇಕಾದ ಸಾಮಗ್ರಿ ಆಂಡ್ರೊಜೆನ್ ಕಡೆ ಹರಿದುಬಿಡುತ್ತದೆ. ಹೊರ ಜನನಾಂಗ ನೋಡಿ ಹೆಣ್ಣೋ ಗಂಡೋ ಎಂದು ಗೊಂದಲವಾಗಬಹುದು. ಅದಕ್ಕಿಂತ ದೊಡ್ಡ ಅಪಾಯ ಮೈಯ ಉಪ್ಪು ಸೋರಿಹೋಗುವುದು. ಮೊದಲ ಕೆಲವು ವಾರಗಳಲ್ಲೇ ಜೀವಕ್ಕೆ ಎರವಾಗಬಹುದು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಎರಡು ಹನಿ ರಕ್ತ ಸಾಕು, ಇದು ಪತ್ತೆಯಾಗುತ್ತದೆ. ಮಾತ್ರೆಯಲ್ಲೇ ಹತೋಟಿಗೂ ಬರುತ್ತದೆ.

ಕಡಿಮೆಯಾದರೆ

● ಮುಟ್ಟು ನಿಂತ ಮೇಲೂ ಅಂಡಾಶಯ ಕೈಕಟ್ಟಿ ಕೂರುವುದಿಲ್ಲ. ಈಸ್ಟ್ರೊಜೆನ್ ತಯಾರಿಕೆ ನಿಲ್ಲಿಸಿದರೂ ಆಂಡ್ರೊಜೆನ್ ಒಂದಿಷ್ಟು ತಯಾರಿಸುತ್ತಲೇ ಇರುತ್ತದೆ. ಎರಡೂ ಅಂಡಾಶಯ ತೆಗೆದರೆ ಟೆಸ್ಟೋಸ್ಟೆರಾನ್ ಸುಮಾರು ಅರ್ಧಕ್ಕೆ ಕುಸಿಯುತ್ತದೆ.

● ಇದು ನಮ್ಮ ಊರುಗಳ ವಿಷಯವೂ ಹೌದು. 'ಗರ್ಭಕೋಶದ ಆಪರೇಷನ್' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಾಗ ಅಂಡಾಶಯವನ್ನೂ ತೆಗೆದರೋ ಉಳಿಸಿದರೋ ಎಂಬುದು ಎಷ್ಟೋ ಹೆಂಗಸರಿಗೆ ಗೊತ್ತಿರುವುದಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರಲ್ಲಿ ಚಿಕ್ಕ ವಯಸ್ಸಿಗೇ ನಡೆದ ಇಂಥ ಆಪರೇಷನ್‌ಗಳು ದೊಡ್ಡ ಸುದ್ದಿಯಾಗಿದ್ದವು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ತೆಗೆದು ಅಂಡಾಶಯದ ಬಗ್ಗೆ ಏನಿದೆ ಎಂದು ಓದಿಸಿ ನೋಡಿ.

● ಹೆಂಗಸರಿಗೆ ಟೆಸ್ಟೋಸ್ಟೆರಾನ್ ಕೊಡಲು ಪುರಾವೆ ಇರುವ ಕಾರಣ ಒಂದೇ ಒಂದು ಎಂದು 2019ರ ಜಾಗತಿಕ ತಜ್ಞರ ಹೇಳಿಕೆ ತಿಳಿಸುತ್ತದೆ: ಮುಟ್ಟು ನಿಂತ ಮೇಲೆ ಲೈಂಗಿಕ ಆಸಕ್ತಿ ಕುಂದಿ, ಅದರಿಂದ ಆಕೆಗೇ ಸಂಕಟವಾಗುತ್ತಿದ್ದರೆ. ಸುಸ್ತು, ಮರೆವು, ಮಂಕು, ಮೂಳೆ ಸವೆತ ಎಂದು ಕೊಡಲು ಸಾಕಷ್ಟು ಪುರಾವೆ ಇರಲಿಲ್ಲ.

● ಲಾಭವಾದರೂ ಎಷ್ಟು? ಅದೇ ವರ್ಷ 36 ಪ್ರಯೋಗಗಳ, 8,480 ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ತೃಪ್ತಿ ತಂದ ಮಿಲನ ಸರಾಸರಿ ತಿಂಗಳಿಗೆ ಸುಮಾರು ಒಂದು ಹೆಚ್ಚಿತ್ತು. ಆಸಕ್ತಿ ಹೆಚ್ಚಿ, ಸಂಕಟ ಕಡಿಮೆಯಾಗಿತ್ತು. ಮೊಡವೆ, ಕೂದಲೂ ಸ್ವಲ್ಪ ಹೆಚ್ಚಿದ್ದವು. ಬಾಯಿಯ ಮೂಲಕ ಕೊಟ್ಟಾಗ ಕೊಲೆಸ್ಟೆರಾಲ್ ಲೆಕ್ಕ ಕೆಟ್ಟಿತು; ಚರ್ಮಕ್ಕೆ ಹಚ್ಚಿದಾಗ ಹಾಗಾಗಲಿಲ್ಲ.

● ಹೆಂಗಸರಿಗೆಂದೇ ಮಾಡಿದ, ಚರ್ಮಕ್ಕೆ ಅಂಟಿಸುವ ಟೆಸ್ಟೋಸ್ಟೆರಾನ್ ಪಟ್ಟಿಯೊಂದನ್ನು, ದೀರ್ಘಕಾಲದ ಸುರಕ್ಷತೆ ಖಚಿತವಿಲ್ಲವೆಂದು ಅಮೆರಿಕದ ಸಲಹಾ ಸಮಿತಿ 2004ರಲ್ಲಿ ತಿರಸ್ಕರಿಸಿತು. ಅದೇ ಪಟ್ಟಿಗೆ ಯುರೋಪು 2006ರಲ್ಲಿ ಒಪ್ಪಿಗೆ ಕೊಟ್ಟಿತು. 2012ರಲ್ಲಿ ಅಲ್ಲಿಯೂ ಮಾರುಕಟ್ಟೆಯಿಂದ ಮಾಯವಾಯಿತು. 2020ರಲ್ಲಿ ಆಸ್ಟ್ರೇಲಿಯ ಹೆಂಗಸರಿಗೆಂದೇ ಒಂದು ಕ್ರೀಮನ್ನು ನೋಂದಾಯಿಸಿತು. ದಿನದ ಡೋಸು 5 ಮಿಲಿಗ್ರಾಂ.

● ಗಂಡಸರ ಜೆಲ್‌ನ ಒಂದು ಸ್ಯಾಷೆಯಲ್ಲಿ ಸಾಮಾನ್ಯವಾಗಿ 50 ಮಿಲಿಗ್ರಾಂ, ಅಂದರೆ ಹೆಂಗಸಿನ ಹತ್ತು ದಿನದ ಪ್ರಮಾಣ. ಗಂಡನ ಜೆಲ್ ಹೆಂಡತಿ ಹಚ್ಚಿಕೊಳ್ಳುವುದು ಯಾಕೆ ಅಪಾಯ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ಅಪ್ಪ ಜೆಲ್ ಹಚ್ಚಿದ ಭುಜಕ್ಕೆ ತಾಗಿದ ಪುಟ್ಟ ಮಕ್ಕಳಲ್ಲಿ ಅಕಾಲ ಹರೆಯದ ಲಕ್ಷಣ ಕಂಡು, 2009ರಲ್ಲಿ ಅಮೆರಿಕ ಆ ಡಬ್ಬಿಗಳ ಮೇಲೆ ದಪ್ಪಕ್ಷರದ ಎಚ್ಚರಿಕೆ ಕಡ್ಡಾಯ ಮಾಡಿತು.

● ಚರ್ಮದಡಿ ಹುದುಗಿಸುವ ಗುಳಿಗೆ, ಇಂಜೆಕ್ಷನ್ ಹೆಂಗಸರಿಗೆ ಬೇಡ ಎಂಬುದು ತಜ್ಞರ ಸಲಹೆ, ಅವು ಮಟ್ಟವನ್ನು ವಿಪರೀತ ಏರಿಸುತ್ತವೆ. ಆರು ತಿಂಗಳು ಹಚ್ಚಿಯೂ ಗುಣ ಕಾಣದಿದ್ದರೆ ನಿಲ್ಲಿಸಬೇಕು.

ಟ್ರ್ಯಾಕ್ ಮೇಲೆ

● ಸ್ವೀಡನ್ನಿನಲ್ಲಿ 48 ಆರೋಗ್ಯವಂತ ಯುವತಿಯರಲ್ಲಿ ಅರ್ಧ ಮಂದಿಗೆ ಹತ್ತು ವಾರ ಟೆಸ್ಟೋಸ್ಟೆರಾನ್ ಕ್ರೀಮು, ಉಳಿದವರಿಗೆ ಬರೀ ಕ್ರೀಮು ಕೊಟ್ಟು ನೋಡಿದರು. ಹಾರ್ಮೋನು ಹಚ್ಚಿದವರು ದಣಿದು ನಿಲ್ಲುವ ತನಕ ಓಡಿದ ಅವಧಿ, ಮತ್ತೊಂದು ಗುಂಪಿಗೆ ಹೋಲಿಸಿದರೆ ಶೇ 8.5ರಷ್ಟು ಹೆಚ್ಚಿತು. ಸ್ನಾಯುವೂ ಹೆಚ್ಚಿತು. 2019ರ ಫಲಿತಾಂಶ ಇದು.

● ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರನ್ನು 2014ರ ಕಾಮನ್‌ವೆಲ್ತ್ ಕ್ರೀಡಾಕೂಟದ ತಂಡದಿಂದ ಕೈಬಿಟ್ಟರು. ಅವರ ದೇಹದ ಸಹಜ ಟೆಸ್ಟೋಸ್ಟೆರಾನ್ ಹೆಚ್ಚು ಎಂಬುದೇ ಕಾರಣ. ಅವರು ಸುಮ್ಮನೆ ಕೂರಲಿಲ್ಲ. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋದರು. 2015ರ ಜುಲೈನಲ್ಲಿ ನ್ಯಾಯಾಲಯ ಟೆಸ್ಟೋಸ್ಟೆರಾನ್‌ಗೆ ಮಿತಿ ಹಾಕಿದ್ದ ನಿಯಮವನ್ನೇ ಅಮಾನತಿನಲ್ಲಿಟ್ಟಿತು. 2018ರ ಜಕಾರ್ತ ಏಷ್ಯಾಡ್‌ನಲ್ಲಿ ದ್ಯುತಿ 100 ಮೀಟರ್, 200 ಮೀಟರ್ ಎರಡರಲ್ಲೂ ಬೆಳ್ಳಿ ತಂದರು.

● ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಹೆಂಗಸರಿಗೆ ಹಾಕಿದ ಆ ಮಿತಿ ಸುಮ್ಮನೆ ಜಾರುತ್ತಲೇ ಬಂತು. ಮೊದಲು ಲೀಟರಿಗೆ 10 ನ್ಯಾನೋಮೋಲ್. 2018ರಲ್ಲಿ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ 5. 2023ರಲ್ಲಿ ಎಲ್ಲ ಸ್ಪರ್ಧೆಗಳಿಗೂ 2.5. ನಮ್ಮ ಲ್ಯಾಬಿನ ಅಳತೆಗೆ ತಂದರೆ 288, 144, 72. ದಕ್ಷಿಣ ಆಫ್ರಿಕದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಮಾತ್ರೆ ನುಂಗಿ ಮಟ್ಟ ಇಳಿಸಿಕೊಳ್ಳಲು ಒಪ್ಪದೆ ವರ್ಷಗಟ್ಟಲೆ ಕೋರ್ಟು ಹತ್ತಿದ್ದು ಇದೇ ನಿಯಮದ ವಿರುದ್ಧ.

● ಟೆಸ್ಟೋಸ್ಟೆರಾನ್ ಎಷ್ಟಿದ್ದರೂ ಅದನ್ನು ಹಿಡಿಯುವ ಗ್ರಾಹಕ ಕೆಲಸ ಮಾಡದಿದ್ದರೆ ದೇಹ ಹೆಣ್ಣಾಗಿಯೇ ಬೆಳೆಯುತ್ತದೆ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಜ್ ಪಟಿನೊ ಅವರ ವರ್ಣತಂತು ಎಕ್ಸ್‌ವೈ ಎಂದು 1985ರಲ್ಲಿ ಸ್ಪರ್ಧೆಯಿಂದ ಹೊರಗಿಟ್ಟರು. ಅವರ ದೇಹಕ್ಕೆ ಟೆಸ್ಟೋಸ್ಟೆರಾನ್ ಸ್ವಲ್ಪವೂ ನಾಟುತ್ತಿರಲಿಲ್ಲ. ಹೋರಾಡಿ 1988ರಲ್ಲಿ ಅರ್ಹತೆ ಮರಳಿ ಪಡೆದರು.

● ಹೊರಗಿಂದ ತುಂಬಿಸಿದರೆ? ಪೂರ್ವ ಜರ್ಮನಿ ಸರ್ಕಾರವೇ ಮುಂದೆ ನಿಂತು ತನ್ನ ಕ್ರೀಡಾಪಟು ಹೆಣ್ಣುಮಕ್ಕಳಿಗೆ ಓರಲ್ ಟ್ಯುರಿನಬೋಲ್ ಎಂಬ ನೀಲಿ ಗುಳಿಗೆ ನುಂಗಿಸುತ್ತಿತ್ತು. ಟೆಸ್ಟೋಸ್ಟೆರಾನ್ ಜಾತಿಯದ್ದೇ. ಎಷ್ಟೋ ಹುಡುಗಿಯರಿಗೆ ಅದು ವಿಟಮಿನ್ ಎಂದೇ ಹೇಳಲಾಗಿತ್ತು. ಪದಕಗಳು ಬಂದವು. ಜೊತೆಗೆ ಗಡಸು ದನಿ, ಮೈಕೂದಲು, ಯಕೃತ್ತಿನ ತೊಂದರೆಗಳು ಬಂದವು. ಆ ವ್ಯವಸ್ಥೆಯ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 2000ದಲ್ಲಿ ಕೋರ್ಟು ಶಿಕ್ಷೆ ವಿಧಿಸಿತು.

ಸಿಟ್ಟಿನ ಹಾರ್ಮೋನೇ?

● ಹಣ ಹಂಚಿಕೊಳ್ಳುವ ಆಟವೊಂದನ್ನು ಸುಮಾರು 120 ಹೆಂಗಸರಿಗೆ ಜ್ಯೂರಿಕ್‌ನ ಸಂಶೋಧಕರು ಆಡಿಸಿದರು. ಕೆಲವರ ನಾಲಿಗೆಯಡಿ ಅರ್ಧ ಮಿಲಿಗ್ರಾಂ ಟೆಸ್ಟೋಸ್ಟೆರಾನ್, ಉಳಿದವರಿಗೆ ಸುಳ್ಳು ಮದ್ದು. ಹಾರ್ಮೋನು ಪಡೆದವರು ಎದುರಾಳಿಗೆ ಹೆಚ್ಚು ನ್ಯಾಯವಾದ ಪಾಲು ಕೊಟ್ಟರು! ತಮಗೆ ಹಾರ್ಮೋನು ಕೊಟ್ಟಿದ್ದಾರೆ ಎಂದು ನಂಬಿದವರು ಮಾತ್ರ, ನಿಜಕ್ಕೂ ಕೊಟ್ಟಿರಲಿ ಬಿಡಲಿ, ಜಿಪುಣತನ ತೋರಿದರು. ಹೆಸರೇ ತಲೆಗೆ ಏರಿತ್ತು.

● ನಾವು ಮಾಡುವ ಕೆಲಸವೂ ಹಾರ್ಮೋನನ್ನು ಕದಲಿಸುತ್ತದೆ. 2015ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ನಟ ನಟಿಯರಿಂದ ನೌಕರನನ್ನು ಕೆಲಸದಿಂದ ತೆಗೆದುಹಾಕುವ ಬಾಸ್ ಪಾತ್ರ ಮಾಡಿಸಿದರು. ಅಧಿಕಾರ ಚಲಾಯಿಸಿದ ಮೇಲೆ ನಟಿಯರ ಟೆಸ್ಟೋಸ್ಟೆರಾನ್ ಏರಿತ್ತು.

ಪ್ರಾಣಿಲೋಕದಲ್ಲಿ

● ಆಫ್ರಿಕದ ಚುಕ್ಕೆ ಕತ್ತೆಕಿರುಬಗಳ ಗುಂಪಿನಲ್ಲಿ ಹೆಣ್ಣೇ ಯಜಮಾನಿ. ಗರ್ಭಿಣಿಯ ಅಂಡಾಶಯದ ಆಂಡ್ರೊಜೆನ್ ಮಾಸುಚೀಲದಲ್ಲಿ ಟೆಸ್ಟೋಸ್ಟೆರಾನ್ ಆಗಿ ಹೊಟ್ಟೆಯೊಳಗಿನ ಮರಿಗೂ ತಲುಪುತ್ತದೆ.

● ಹೆಣ್ಣು ಕೆನರಿ ಹಕ್ಕಿ ತನ್ನ ಮೊಟ್ಟೆಯ ಹಳದಿಯಲ್ಲಿ ಟೆಸ್ಟೋಸ್ಟೆರಾನ್ ತುಂಬಿ ಇಡುತ್ತದೆ. ಕೊನೆಕೊನೆಗೆ ಇಟ್ಟ ಮೊಟ್ಟೆಗೆ ಹೆಚ್ಚು ಪಾಲು. ತಡವಾಗಿ ಹೊರಬರುವ ಮರಿ ಅಣ್ಣಂದಿರ ನಡುವೆ ಬಾಯ್ತೆರೆದು ಗುಟುಕಿಗಾಗಿ ಹಟ ಮಾಡಬೇಕಲ್ಲ. 1993ರಲ್ಲಿ ಹ್ಯೂಬರ್ಟ್ ಷ್ವಾಬ್ಲ್ ಇದನ್ನು ವರದಿ ಮಾಡಿದರು.

ಟೆಸ್ಟ್ ಮಾಡಿಸುವ ಮುನ್ನ

● ಗಂಡಸರ ದೊಡ್ಡ ಅಂಕಿಗಳಿಗೆಂದು ರೂಪಿಸಿದ ಸಾಮಾನ್ಯ ಟೆಸ್ಟು ಹೆಂಗಸರ ಸಣ್ಣ ಅಂಕಿಗಳಲ್ಲಿ ಎಡವುತ್ತದೆ. ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನ ಇದ್ದರೆ ಅದೇ ನೆಚ್ಚಿಗೆ. ಸಾಧ್ಯವಾದರೆ ಬೆಳಗ್ಗೆ ರಕ್ತ ಕೊಡಿ, ಟೆಸ್ಟೋಸ್ಟೆರಾನ್ ಆಗ ಹೆಚ್ಚಿರುತ್ತದೆ.

● ಕೂದಲು ಉದುರುತ್ತಿದೆಯೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಲ್ಯಾಬಿನವರಿಗೆ ಹೇಳಿ. ಹಲವು ಹಾರ್ಮೋನ್ ಟೆಸ್ಟುಗಳ ಲೆಕ್ಕವನ್ನು ಅದು ಅಡಿಮೇಲು ಮಾಡಬಲ್ಲದು.

● ಗರ್ಭನಿರೋಧಕ ಮಾತ್ರೆ ತಿನ್ನುತ್ತಿರುವಾಗ ಟೆಸ್ಟೋಸ್ಟೆರಾನ್ ಅಳೆದರೆ ನಿಜ ಅಂಕಿ ಸಿಗುವುದಿಲ್ಲ. ಆ ಮಾತ್ರೆ ಕಾವಲು ಪ್ರೋಟೀನನ್ನು ಏರಿಸಿ ಬಿಡಿ ಪಾಲನ್ನು ಇಳಿಸಿರುತ್ತದೆ. ಪಿಸಿಓಎಸ್ ಪತ್ತೆಗೆ ಅಳೆಯುವುದಾದರೆ ಮಾತ್ರೆ ಬಿಟ್ಟು ಕನಿಷ್ಠ ಮೂರು ತಿಂಗಳು ಕಾಯಬೇಕು. ಡಾಕ್ಟರನ್ನು ಕೇಳದೆ ಬಿಡಬೇಡಿ.

● ಮುಟ್ಟು ನಿಂತವರಲ್ಲಿ ಆಸಕ್ತಿ ಕುಂದಿದ್ದು ಟೆಸ್ಟೋಸ್ಟೆರಾನ್ ಕೊರತೆಯಿಂದಲೇ ಎಂದು ಯಾವ ಅಂಕಿಯೂ ಹೇಳಲಾರದು; 'ಇದಕ್ಕಿಂತ ಕೆಳಗಿದ್ದರೆ ಕೊರತೆ' ಎಂಬ ಗೆರೆಯೇ ಇಲ್ಲ. ಚಿಕಿತ್ಸೆ ಶುರು ಮಾಡಿದ ಮೇಲೆ ಮಟ್ಟ ಮಿತಿ ಮೀರಿತೋ ಎಂದು ನೋಡಲು ಟೆಸ್ಟು ಬೇಕು.

● ಪಿಸಿಓಎಸ್‌ನ ಕೂದಲು ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಕೆಲವೇ ತಿಂಗಳಲ್ಲಿ ಮುಖದ ತುಂಬ ಕೂದಲು ಬಂದು, ನೆತ್ತಿ ಬೋಳಾಗಿ, ಫೋನಿನಲ್ಲಿ ದನಿ ಕೇಳಿದವರು 'ಸಾರ್' ಎನ್ನತೊಡಗಿದರೆ, ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಅಂಕಿ ಡೆಸಿಲೀಟರಿಗೆ 200 ನ್ಯಾನೋಗ್ರಾಂ ದಾಟಿದ್ದರೆ, ಅಂಡಾಶಯದಲ್ಲೋ ಅಡ್ರಿನಲ್‌ನಲ್ಲೋ ಗೆಡ್ಡೆ ಇದೆಯೇ ಎಂದು ಕೂಡಲೇ ನೋಡಿಸಬೇಕು. ಕೂದಲನ್ನು ಲೇಸರ್‌ನಿಂದ ತೆಗೆಯಬಹುದು, ಗೆಡ್ಡೆಯನ್ನು ಆಪರೇಷನ್‌ನಿಂದ ತೆಗೆಯಬಹುದು. ಒಮ್ಮೆ ದಪ್ಪಗಾದ ದನಿ ಮಾತ್ರ ಸಾಮಾನ್ಯವಾಗಿ ಹಿಂದಿನಂತೆ ಆಗುವುದಿಲ್ಲ. ಹಾಗಾಗಿ ದನಿ ಬದಲಾದರೆ ಮುಂದಿನ ತಿಂಗಳು ನೋಡೋಣ ಎನ್ನಬೇಡಿ.